ಬಲಗಡೆಯ ಹೃದಯ

ಕೊಲ್ಲಿ ನಾಡಿನ ಊದ್ ಮೇಥಾದ ಕ್ಲಿನಿಕ್ಕಿನ ಸ್ಕ್ಯಾನ್ ಕೋಣೆ ನಡುಹಗಲಲ್ಲೂ ಮುಸ್ಸಂಜೆಯಂತಿತ್ತು. ಪರದೆಯ ಮೇಲೆ ಬೂದು ನೀರು, ಅದರೊಳಗೆ ತೇಲುವ ಮಗು. ನೋಡುತ್ತ ನೋಡುತ್ತ ಬೀಬಿಗೆ ತಾನೂ ತೇಲಿದಂತೆ ಅನಿಸುತ್ತಿರುವಾಗ ಡಾಕ್ಟರ್ ಹಿತಾ ಮೆಲ್ಲಗೆ ಹೇಳಿದರು: "ಮಗುವಿನ ಹೃದಯ ಬಲಗಡೆ ಇದೆ."

ಮಲಗಿದ್ದ ಸೊಸೆ ಫರ್ಝಾನ ಅತ್ತೆಯ ಕೈ ಹಿಡಿದಳು.

"ಜಠರವೂ ಬಲಕ್ಕೇ ಇದ್ದರೆ ಎಲ್ಲ ಕನ್ನಡಿಯೊಳಗಿನ ಹಾಗೆ ತಿರುಗಿದೆ ಅಂತ. ಹೆಚ್ಚಾಗಿ ತೊಂದರೆ ಇರಲ್ಲ. ಹೃದಯ ಒಂದೇ ತಿರುಗಿದ್ದರೆ ಯೋಚನೆ ಮಾಡಬೇಕು. ಮಗು ಬೆನ್ನು ಹಾಕಿದೆ, ಕಾಣ್ತಿಲ್ಲ. ಸ್ವಲ್ಪ ಓಡಾಡಿ ಬನ್ನಿ."

ಫರ್ಝಾನ ಹೊರಗೆ ಹೋದಳು. ಬೀಬಿ ಕದಲಲಿಲ್ಲ.

"ಡಾಕ್ಟ್ರೇ, ಇದು ನನ್ನದೇ ಕೆಲಸ. ಬಲಮಗ್ಗುಲಲ್ಲಿ ಮಲಗುವುದು ಸುನ್ನತ್, ಪ್ರವಾದಿಯವರ ರೀತಿ ಅಲ್ವಾ? ಉಳ್ಳಾಲದಿಂದ ಬಂದವಳೇ ಇವಳನ್ನು ಹಾಗೇ ಮಲಗಿಸಿದೆ. ಎಡಕ್ಕೆ ಹೊರಳದ ಹಾಗೆ ದಿಂಬು ಇಟ್ಟೆ. ಹೃದಯ ಜಾರಿತು ಕಾಣ್ತದೆ."

ಹಿತಾ ನಗಲಿಲ್ಲ. "ನೀವು ಬಂದದ್ದು ಯಾವಾಗಮ್ಮ?"

"ಇವಳ ವಾಂತಿ ಎಲ್ಲ ನಿಂತ ಮೇಲೆ."

"ಎಡ ಬಲ ತೀರ್ಮಾನ ಆಗೋದು ಮೊದಲ ತಿಂಗಳಲ್ಲೇ. ಆಗ ಮಗು ಎಳ್ಳಿನಷ್ಟೂ ಇರಲ್ಲ. ಕಣ್ಣಿಗೆ ಕಾಣದ ಕೂದಲುಗಳು ನೀರನ್ನ ಎಡಕ್ಕೆ ತಳ್ತವೆ. ಎಡಗಡೆಯ ಜೀವಕೋಶಗಳಿಗೆ ಅದೇ ಸುದ್ದಿ; ಅವು ಪಕ್ಕದವಕ್ಕೆ ಹೇಳ್ತವೆ. ಸುದ್ದಿ ಒಳಗೆ ಮುಟ್ಟಿದ ಕಡೆ ಮಲಗಿದ್ದ ಜೀನ್ ಎದ್ದು ಹೃದಯ, ಜಠರ ಕೂರಿಸೋ ಕೆಲಸ ಶುರು ಮಾಡುತ್ತೆ. ಬಲಗಡೆಯಲ್ಲೂ ಅದೇ ಜೀನ್ ಇದೆ, ಸುದ್ದಿ ಬರದೆ ಸುಮ್ಮನಿರುತ್ತೆ. ಇಲ್ಲಿ ಸುದ್ದಿ ಬಲಕ್ಕೆ ಹೋಗಿರಬೇಕು."

ಬೀಬಿ ಯೋಚಿಸಿದಳು. "ಮದುವೆಮನೆ ಹೆಂಗಸರಿಗೆಲ್ಲ ತುಪ್ಪದನ್ನ ಮಾಡ್ಲಿಕ್ಕೆ ಗೊತ್ತುಂಟು. ಆದ್ರೆ ಯಾರಿಗೆ ಹೇಳಿಕಳಿಸಿದ್ರೋ ಅವಳು ಮಾತ್ರ ಒಲೆ ಹಚ್ಚುವುದು. ಹಾಗೆಯಾ?"

"ಹಾಗೇ."

"ಅಂದ್ರೆ ನಾನು ಬರುವಾಗ ಊಟವೇ ಖಲಾಸ್!"

ಬೀಬಿಗೆ ನಗು ಬಂತು, ಹೆದರಿಕೆ ಮಾತ್ರ ಹೋಗಲಿಲ್ಲ. ಫರ್ಝಾನ ಬಂದು ಮತ್ತೆ ಮಲಗಿದಳು. ಬೀಬಿ ಬೂದು ನೀರಿನಲ್ಲಿ ಕಣ್ಣು ನೆಟ್ಟಳು. ಅಲ್ಲಿ ಎಳೆ ಹುಲ್ಲು ಒಂದೇ ಕಡೆಗೆ ಬಾಗಿದಂತೆ, ಪಿಸುಮಾತೊಂದು ಮನೆಯಿಂದ ಮನೆಗೆ ಹೋಗಿ, ಕತ್ತಲಲ್ಲಿ ಒಂದೊಂದೇ ದೀಪ ಹೊತ್ತಿದಂತೆ ಕಂಡಿತು.

ಮಗು ಹೊರಳಿತು. ಹಿತಾ ಒಂದು ಕಪ್ಪು ಬೊಟ್ಟಿನ ಮೇಲೆ ಬೆರಳಿಟ್ಟರು. "ಜಠರ. ಅದೂ ಬಲಕ್ಕೇ! ಹೃದಯದ ಡಾಕ್ಟರೂ ಒಮ್ಮೆ ನೋಡಲಿ. ನನಗಂತೂ ಭಯಪಡುವಂಥದ್ದು ಕಾಣ್ತಿಲ್ಲ."

ಫರ್ಝಾನ ಅತ್ತಳು. "ಮಾಮಿ, ಕೇಳಿದ್ರಾ?"

"ಕೇಳಿದೆ ಮಗಳೇ. ಇನ್ನು ಸಿಕ್ಕಿದ ಡಾಕ್ಟ್ರಿಗೆಲ್ಲ ಮೊದಲೇ ಹೇಳಿಡಬೇಕು. ಇಲ್ಲದಿದ್ರೆ ಎಡಗಡೆಯ ಖಾಲಿ ಎದೆಗೆ ಕಿವಿಯ ಕೊಳವೆ ಇಟ್ಟು ಅವರೇ ಹೆದರಿಯಾರು."

ಹಿತಾ ಸದ್ದು ಏರಿಸಿದರು. ಆಚೆ ದಡದ ದೇರಾಕ್ಕೆ ದಾಟಿಸುವ ಅಬ್ರಾ ದೋಣಿಯ ಎಂಜಿನ್ನಿನಂತೆ ಮಗುವಿನ ಎದೆ ಬಡಿಯುತ್ತಿತ್ತು. ಬೀಬಿ ಕಣ್ಣು ಮುಚ್ಚಿ ಆ ಸದ್ದಿನ ದೋಣಿಯಲ್ಲಿ ಕೂತಳು.