ತಿರುವಿನ ಒಂದೂವರೆ ಅಡಿ

ಶವದ ಗಾಡಿಯವನು ಒಂದು ಕೈಯಲ್ಲಿ ಕಬ್ಬಿಣದ ಕುರ್ಚಿ, ಇನ್ನೊಂದರಲ್ಲಿ ಹಗ್ಗದ ಸುರುಳಿ ಹಿಡಿದು ಮೂರನೇ ಮಹಡಿಗೆ ಬಂದಾಗ, ಸತ್ತವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಇದೆಲ್ಲ ಯಾಕೆ ಎಂದು ಕೇಳಿದಳು.

"ಲಿಫ್ಟ್ ಇಲ್ದಿರೋ ಕಡೆ ಹೀಗೇ ಅಮ್ಮ. ಕೂರಿಸಿ, ಕಟ್ಟಿ ಇಳಿಸ್ತೀವಿ. ಇಂಥ ಮನೆಗಳ ಮೆಟ್ಟಿಲಲ್ಲಿ ಸ್ಟ್ರೆಚರ್ ಎಲ್ಲಿ ತಿರುಗುತ್ತೆ?"

ಅವನದು ಇಪ್ಪತ್ತು ವರ್ಷದ ಅನುಭವ. ಹತ್ತಿ ಬಂದ ಮೆಟ್ಟಿಲನ್ನು ಕಣ್ಣೆತ್ತಿ ನೋಡುವ ಗೋಜಿಗೂ ಹೋಗಿರಲಿಲ್ಲ.

"ನಮ್ಮನೆಯವರು ಮಲಗಿಕೊಂಡೇ ಇಳೀತಾರೆ," ಎಂದಳು ಅವಳು. "ಸ್ಟ್ರೆಚರ್ ತಗೊಂಬನ್ನಿ."

ಗಾಡಿಯವನು ಕುರ್ಚಿ ಎತ್ತಿಕೊಂಡು ಗೊಣಗುತ್ತ ಇಳಿದ. ಒಳಗೆ ಗೋಡೆಗೊರಗಿ ನಿಂತಿದ್ದ ಅವಳ ತಮ್ಮ ಹತ್ತಿರ ಬಂದ. ಟೈಲ್ಸ್ ಅಂಗಡಿಯ ಯಜಮಾನ. ಹನ್ನೊಂದು ವರ್ಷದಲ್ಲಿ ಅಕ್ಕನ ಮನೆಯ ಹೊಸ್ತಿಲು ತುಳಿದದ್ದು ಇವತ್ತೇ. ಹಟ ಬೇಡ ಅಕ್ಕ, ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಇಷ್ಟು ಜನರ ಮುಂದೆ ಭಾವನ ಮರ್ಯಾದೆ ಹೋಗುತ್ತೆ ಎಂದು ಮೆತ್ತಗೆ ಹೇಳಿದ. ಅವಳು ಕೇಳಿಸಿಕೊಂಡಳು, ಜಗ್ಗಲಿಲ್ಲ.

*

ಸತ್ತವನು ನಗರಸಭೆಯಲ್ಲಿ ಅಳತೆಗಾರನಾಗಿದ್ದ. ಸೊಂಟಕ್ಕೆ ಸದಾ ಟೇಪು ಸಿಕ್ಕಿಸಿಕೊಂಡಿರುತ್ತಿದ್ದರಿಂದ ಊರಿಗೆಲ್ಲ ಟೇಪಣ್ಣ. ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ ಅವನ ತಾಯಿ ಎರಡನೇ ಮಹಡಿಯ ಬಾಡಿಗೆ ಗೂಡೊಂದರಲ್ಲಿ ತೀರಿಕೊಂಡಳು. ಅವಳನ್ನು ಕುರ್ಚಿಗೆ ಕಟ್ಟಿಯೇ ಇಳಿಸಿದ್ದರು. ತಿರುವಿನಲ್ಲಿ ತಲೆ ಗೋಡೆಗೆ ಬಡಿಯಿತು. ಕೆಳಗಿನಿಂದ ಕಾಲು ಹಿಡಿದುಕೊಂಡಿದ್ದ ಮಗ, "ಅಮ್ಮ, ಪೆಟ್ಟಾಯ್ತಾ?" ಎಂದು ಕೇಳಿಬಿಟ್ಟ. ಯಾರೂ ನಗಲಿಲ್ಲ.

*

ಮುಂದೆ ನಗರಸಭೆ ಒಂದು ನಿಯಮ ತಂದಿತು. ಅಂಗಡಿ, ಗೋದಾಮುಗಳ ಜಾಗದ ಮಾಲೀಕರು ವರ್ಷಕ್ಕೆ ಚದರಡಿಗೆ ಇಂತಿಷ್ಟು ಹಣ ಕಟ್ಟಬೇಕು. ಆ ಹಣದಲ್ಲಿ ಕಡಿಮೆ ಬಾಡಿಗೆಯ ಮನೆಗಳು ಏಳಬೇಕು. ಅಳೆಯುವ ಕೆಲಸ ಟೇಪಣ್ಣನ ಪಾಲಿಗೆ ಬಂತು. ಮಾಲೀಕರ ಪಟ್ಟಿಯಲ್ಲಿ ಅವನ ಭಾವಮೈದುನನೂ ಇದ್ದ.

ಅಂಗಡಿಯ ಮುಂಭಾಗ ಅಳೆದಾಯಿತು. ಹಿಂದೆ ತಗಡಿನ ಮಾಡಿನ ಕೆಳಗೆ ಟೈಲ್ಸ್ ಪೇರಿಸಿದ ದೊಡ್ಡ ಹಿತ್ತಲು.

"ಹಿಂದಿನದು ಬಿಟ್ಬಿಡಿ ಭಾವ. ರಸ್ತೆಗೆ ಕಾಣಲ್ಲ."

"ಟೇಪಿಗೆ ಕಾಣುತ್ತಲ್ಲಪ್ಪ. ಆ ತುದಿ ಹಿಡ್ಕೋ."

ಭಾವ ಹೇಳಿದ್ದಕ್ಕೆಲ್ಲ ಹೂಂ ಎಂದು ರೂಢಿಯಾಗಿದ್ದ ಆಸಾಮಿ ಸುಮ್ಮನೆ ತುದಿ ಹಿಡಿದು ನಿಂತ. ತನ್ನ ಹಿತ್ತಲಿನ ಅಳತೆಗೆ ತಾನೇ ಕೈಕೊಟ್ಟೆ ಎಂದು ಹೊಳೆಯುವಷ್ಟರಲ್ಲಿ ಟೇಪಣ್ಣ ಬರೆದು ಮುಗಿಸಿದ್ದ. ಅವತ್ತಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು.

ಅದೇ ವಾರ ಎಂಜಿನಿಯರು ಹೊಸ ಮನೆಗಳ ನಕ್ಷೆ ತಂದರು. ಮೆಟ್ಟಿಲ ತಿರುವು ನಾಲ್ಕೇ ಅಡಿ. ಅಗಲ ಮಾಡಲು ದುಡ್ಡು ಸಾಲದು ಎಂದರು. ಇದರ ದುಡ್ಡೂ ಸೇರಿಸಿಕೊಳ್ಳಿ ಎಂದು ಟೇಪಣ್ಣ ಹಿತ್ತಲಿನ ಅಳತೆಯ ಹಾಳೆಯನ್ನು ಅವರ ಮುಂದಿಟ್ಟ. ಆಮೇಲೆ ಕಚೇರಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕಡಿ ಅಂತರಕ್ಕೆ ಎರಡು ಗೆರೆ ಎಳೆದು, ಇಸ್ತ್ರಿ ಅಂಗಿಯಲ್ಲೇ ಅವುಗಳ ನಡುವೆ ಅಂಗಾತ ಮಲಗಿಬಿಟ್ಟ. ಕಾಲು ಗೆರೆಯಾಚೆ ಚಾಚಿಕೊಂಡಿತ್ತು.

"ನಿಂತವರಿಗೆ ಮಾತ್ರ ಮೆಟ್ಟಿಲು ಹಾಕಿದ್ದೀರಿ ಸಾರ್. ಮಲಗಿದವರು ಹೇಗೆ ಇಳೀಬೇಕು?"

ಎಂಜಿನಿಯರು ಮೊದಲು ನಕ್ಕರು, ಆಮೇಲೆ ರಬ್ಬರು ಹುಡುಕಿದರು. ತಿರುವು ಐದೂವರೆ ಅಡಿಯಾಯಿತು. ಅಂಗಿಗೆ ಹತ್ತಿದ ಸುಣ್ಣಕ್ಕೆ ಟೇಪಣ್ಣ ಹೆಂಡತಿಯಿಂದ ಸರಿಯಾಗಿ ಬೈಸಿಕೊಂಡ. ನಿವೃತ್ತಿಯ ನಂತರ, ಮನೆ ಹಂಚಲು ಚೀಟಿ ಎತ್ತಿದಾಗ ಗಂಡ ಹೆಂಡತಿಗೂ ಅದೇ ಕಟ್ಟಡದಲ್ಲಿ ಒಂದು ಮನೆ ಸಿಕ್ಕಿತು.

*

ಸ್ಟ್ರೆಚರ್ ಬಂತು. ಟೇಪಣ್ಣನ ಅಳಿಯ ಒಂದು ಮೂಲೆ ಹಿಡಿದ, ಗಾಡಿಯವನೂ ಅವನ ಜೊತೆಗಾರನೂ ಎರಡು ಹಿಡಿದರು. ನಾಲ್ಕನೆಯದಕ್ಕೆ ನೆರೆಯ ದರ್ಜಿ ಮುಂದೆ ಬಂದ. ಅವಳು ಅವನನ್ನು ತಡೆದು ತಮ್ಮನ ಕಡೆ ತಿರುಗಿದಳು.

"ಆ ತುದಿ ನೀನು ಹಿಡ್ಕೋ."

ಅವನು ಗೋಡೆ ಬಿಟ್ಟು ಮುಂದೆ ಬಂದ. ಹಿಡಿದುಕೊಂಡ.

ಮೊದಲ ತಿರುವು ಬಂದಾಗ ಅವನು ಒಂದು ಕೈ ಬಿಡಿಸಿ, ಸ್ಟ್ರೆಚರಿನ ಸರಳಿಗೂ ಗೋಡೆಗೂ ನಡುವೆ ಅಡ್ಡ ಇಟ್ಟ. ಬಡಿದರೆ ತನ್ನ ಕೈಗೇ ಬಡಿಯಲಿ ಎಂದು. ಸ್ಟ್ರೆಚರ್ ನಿಧಾನವಾಗಿ ಹೊರಳಿತು. ಅವನ ಕೈಗೆ ಗೋಡೆ ಸಿಗಲೇ ಇಲ್ಲ.

"ನನ್ನ ಹಿತ್ತಲು ಇದೇನಾ ಅಕ್ಕ?" ಎಂದ, ತಲೆ ಎತ್ತದೆ.

"ಇದೇ. ಹುಷಾರು, ಮೆಟ್ಟಿಲು ನೋಡ್ಕೊಂಡು ಇಳಿ."

ಎರಡನೆಯ ತಿರುವಿನ ಮೂಲೆಯಲ್ಲಿ ಗಾಡಿಯವನು ಇಟ್ಟು ಮರೆತಿದ್ದ ಕುರ್ಚಿ ಹಾಗೇ ಇತ್ತು, ಸೀಟಿನ ಮೇಲೆ ಹಗ್ಗದ ಸುರುಳಿ. ಪಕ್ಕಕ್ಕೆ ಸರಿಸಿ ಎಂದು ಯಾರೂ ಹೇಳಬೇಕಾಗಲಿಲ್ಲ. ಟೇಪಣ್ಣ ಮಲಗಿಕೊಂಡೇ ಅದರ ಮುಂದೆ ತಿರುಗಿ, ಅದಕ್ಕೆ ಸೋಕದೆ ಕೆಳಗಿಳಿದ.