ಇವರ ಎಡೆಗೆ ಏನಿಡುವುದು

ಪಿತೃಪಕ್ಷದ ಎಡೆಗೆ ಶವರ್ಮಾ ಇಡಬಹುದೇ ಎಂದು ನಮ್ಮತ್ತೆ ಕೇಳಿದಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಶರತ್ ಮಾತ್ರ ನಕ್ಕ, ಆಮೇಲೆ ನಾಚಿಕೊಂಡು ಅಂಗಳಕ್ಕೆ ಹೋದ.

ಶರತ್ ನನ್ನ ಮೈದುನ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುತ್ತಾನೆ. ಎಡೆ ಇಡಬೇಕಾಗಿದ್ದದ್ದು ಅವನ ಅಣ್ಣ ಸುಧಾಕರ್‌ಗೆ, ಅಂದರೆ ನನ್ನ ಗಂಡನಿಗೆ. ಏಪ್ರಿಲ್‌ನಲ್ಲಿ ಚಾಮರಾಜನಗರದ ಗ್ರಾನೈಟ್ ಯಾರ್ಡಿನಲ್ಲಿ ಇವರು ಸುಸ್ತು ಎಂದು ಒಂದು ಕರಿಕಲ್ಲಿನ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲ. ನಲವತ್ತಾರು ವರ್ಷ. ನಮಗೆ ಮಕ್ಕಳಿಲ್ಲ. ನಾನು ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಹನ್ನೊಂದನೇ ದಿನ ಕಳೆದ ಮೇಲೆ ಹೋಗಿ ಅಲ್ಲೇ ಕೂತೆ, ಪಹಣಿ ತೆಗೆದುಕೊಟ್ಟೆ, ಸಂಜೆ ಮನೆಗೆ ಬಂದೆ. ಅತ್ತಿದ್ದೇನೆ ಎಂದು ಸುಳ್ಳು ಹೇಳಲಾರೆ. ಅಳು ಬರುವ ಜಾಗದಲ್ಲಿ ಏನೂ ಇರಲಿಲ್ಲ. ನಾಲಿಗೆಯೂ ಹಾಗೇ ಆಗಿಹೋಗಿತ್ತು. ಕಾಫಿ, ಸಾರು, ಮಾತ್ರೆ, ಎಲ್ಲಾ ಒಂದೇ.

ಅತ್ತೆ ಕರಿಯಮ್ಮ ಇರುವುದು ಉಡಿಗಾಲದಲ್ಲಿ. ಎಡೆಗೆ ನಾಲ್ಕು ದಿನ ಮುಂಚೆ ಕಚೇರಿಗೆ ರಜೆ ಹಾಕಿ ಅಲ್ಲಿಗೆ ಹೋದೆ. ಹೋದವಳಿಗೆ ನೀರು ಕೊಡುವುದಕ್ಕೂ ಮೊದಲು ಅತ್ತೆ ಕೇಳಿದ್ದು ಒಂದೇ.

"ನನ್ ಮಗುನ್ಗೆ ಯಾವುದ್ ಇಷ್ಟವಾಗಿತ್ತು ಏಳವ್ವಾ. ಸತ್ತೋರ್ಗೆ ಇಷ್ಟವಾದ್ದೇ ಇಕ್ಬೇಕು. ಇಲ್ದಿದ್ರೆ ಬಂದು ನೋಡ್ಬುಟ್ಟು, ಅಸ್ಕೊಂಡು ಓಯ್ತನೆ."

ಹೆತ್ತವಳು ಸೊಸೆಯನ್ನು ಕೇಳುತ್ತಿದ್ದಳು. ಅವಳ ಲೆಕ್ಕದಲ್ಲಿ ಇಪ್ಪತ್ತು ವರ್ಷ ಬಡಿಸಿದವಳು ನಾನು, ನನಗೆ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ಆ ದಿನ ಎದೆಯಲ್ಲಿ ಏನಾದರೂ ಚುಚ್ಚಿದ್ದರೆ ಅದೊಂದೇ. ಐದು ತಿಂಗಳಿಂದ ನಾನು ಗಂಡ ಸತ್ತವಳು ಎಂದು ಎಲ್ಲರಿಂದ ಮರ್ಯಾದೆ ತೆಗೆದುಕೊಂಡಿದ್ದೇನೆ, ಆ ಗಂಡನ ತಟ್ಟೆಗೆ ಏನು ಹಾಕಬೇಕು ಎಂದರೆ ಬಾಯಿ ಬಿಡುತ್ತೇನೆ.

ಹೇಳಲು ಕಷ್ಟವಾಗಿದ್ದಕ್ಕೆ ಕಾರಣವೂ ಇತ್ತು. ಇವರ ಕೆಲಸ ಕಲ್ಲು ನೋಡುವುದು. ಇಲ್ಲಿಂದ ಹೋದ ಕರಿಕಲ್ಲಿನಲ್ಲಿ ಬಿರುಕು, ಚುಕ್ಕೆ ಎಂದು ಕೊಂಡವರು ತಕರಾರು ತೆಗೆದರೆ ಕಂಪನಿಯವರು ಇವರನ್ನು ವಿಮಾನ ಹತ್ತಿಸುತ್ತಿದ್ದರು. ಚೀನಾ, ಜಪಾನ್, ಥಾಯ್ಲೆಂಡ್, ವಿಯೆಟ್ನಾಂ. ವರ್ಷಕ್ಕೆ ಎರಡು ಸಲ, ಒಂಬತ್ತು ಹತ್ತು ದಿನ. ಆ ಕಡೆಯವರು ಊಟಕ್ಕೆ ಕರೆದುಕೊಂಡು ಹೋದಲ್ಲೆಲ್ಲ ಇವರು ತಟ್ಟೆಯ ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ಜೇನು ಸುರಿದಂತೆ ಹೊಳೆಯುವ ಹಂದಿಮಾಂಸದ ತುಂಡುಗಳು. ಕಡ್ಡಿಗೆ ಚುಚ್ಚಿದ ಕೋಳಿ ಲಿವರ್. ಇಡೀ ಬಾತುಕೋಳಿ, ಕತ್ತಿನ ಸಮೇತ. ಕೆಲವಕ್ಕೆ 'ಯಾವ ಮಾಂಸ ಅಂತ ಕೇಳಬೇಡ' ಎಂದು ಬರೆದಿರುತ್ತಿದ್ದರು. ಎಲ್ಲದರ ಕೆಳಗೂ 'ಸೂಪರ್'. ನಾನು ಕಚೇರಿಯ ಕೆಲಸದ ನಡುವೆ ನೋಡಿ ಒಂದು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ. ಇವರು ಊರಿಗೆ ಬಂದು ಜಗಲಿಯಲ್ಲಿ ಕೂತು ಕಥೆ ಹೇಳಿದರೆ ಉಡಿಗಾಲದ ಗಂಡಸರು ಬಾಯಲ್ಲಿ ನೀರೂರಿಸಿಕೊಂಡು ಕೇಳುತ್ತಿದ್ದರು.

ಆದ್ದರಿಂದ ಅತ್ತೆಯ ಮುಂದೆ ಫೋನ್ ಹಿಡಿದೆ. "ಇವೇ ಇರಬೇಕು ಅತ್ತೆ. ಪ್ರತಿ ಸಲ ಸೂಪರ್ ಅಂತ ಬರೀತಿದ್ರು."

ಅತ್ತೆ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. "ಇದೆಲ್ಲಾ ನಮ್ ಸೀಮೇಲಿ ಎಲ್ ಸಿಕ್ಕದು? ಆ ಗುಂಡ್ಲುಪೇಟೇಲಿ ಸುತ್ಕೊಂಡು ಮಾರ್ತರಲ್ಲ, ಸವರ್ಮಾನೋ ಏನೋ, ಅದ್ನ ಇಕ್ಬೋದಾ?"

ಶರತ್ ನಕ್ಕಿದ್ದು ಆಗ. ನಾಚಿಕೆ ಇಳಿದ ಮೇಲೆ ಒಳಗೆ ಬಂದು, "ನಾಳೆ ಗಾಡೀಲಿ ಓಗನ ಅತ್ತಿಗೆ. ಚಾಮ್ರಾಜ್‌ನಗ್ರ, ಗುಂಡ್ಲುಪೇಟೆ ಎರಡೂ ನೋಡ್ಕೊಂಡು ಬರನ," ಎಂದ. ಅತ್ತೆ ಒಂದು ಮಾತು ಸೇರಿಸಿದರು. "ತಿಂದ್ ನೋಡಿ, ಬ್ಯಾಡ ಅನ್ನಕಿಲ್ಲ. ಆದ್ರೆ ಎಡೆಗಿಕ್ಕದ ಬ್ಯಾರೆ ಕಟ್ಟಿಸ್ಕೊಂಡ್ ಬನ್ನಿ. ಅವ್ನು ಉಣ್ಣಕ್ ಮೊದ್ಲು ಅದ್ಕೆ ಯಾರ್ ನಾಲ್ಗೆನೂ ತಾಕ್ಬಾರ್ದು."

ಗುರುವಾರ ಹೊರಟೆವು. ಚಾಮರಾಜನಗರದಲ್ಲಿ ಮೊದಲು ಒಂದು ಚೈನೀಸ್ ಫಾಸ್ಟ್‌ಫುಡ್. ಡ್ರ್ಯಾಗನ್ ಚಿಕನ್ ಎಂದು ಕೆಂಪಗೆ ಒಂದು ತಟ್ಟೆ ಬಂತು. ಶರತ್ ತಿಂದು, "ಗೋಬಿ ಮಂಚೂರಿಗೆ ಕೋಳಿ ಆಕವ್ರೆ, ಅಷ್ಟೇಯ," ಎಂದ. ಅಲ್ಲಿಂದ ಬೀದಿಬದಿಯ ಮೊಮೊ. ಮಾರುವವನು ನೇಪಾಳದವನು. ಇವರು ಕಳಿಸಿದ್ದ ಜಪಾನಿನ ಕಡುಬಿನಂಥದ್ದರ ಫೋಟೋ ತೋರಿಸಿದರೆ ಅವನು ತಲೆಯಾಡಿಸಿ, ಇದು ಹಬೆಯಲ್ಲಿ ಬೇಯಿಸಿ ಒಂದು ಮಗ್ಗುಲು ಮಾತ್ರ ಕರಿದದ್ದು, ನನ್ನದು ಬರೀ ಹಬೆಯದು ಎಂದ. ಆದರೂ ಒಂದು ಪ್ಲೇಟ್ ತೆಗೆದುಕೊಂಡೆವು. ನಾನು ಒಂದು ಬಾಯಿಗೆ ಹಾಕಿಕೊಂಡೆ. ಬಿಸಿ ಇದೆ ಎನ್ನುವುದು ಗೊತ್ತಾಯಿತು, ಬೇರೇನೂ ಇಲ್ಲ.

"ಎಂಗದೆ ಅತ್ತಿಗೆ?"

"ನೀವೇ ಹೇಳಿ. ನನ್ನ ನಾಲಿಗೆಗೆ ರಜೆ."

ಅವನು ಪಾಪ, ನನ್ನ ಪಾಲಿನದನ್ನೂ ತಿನ್ನುತ್ತಾ ಬಂದ. ಅಣ್ಣನ ರುಚಿ ಹುಡುಕುವ ಹೊಣೆ ಅವನ ಹೊಟ್ಟೆಯ ಮೇಲೆ ಬಿದ್ದಿತ್ತು. ಗುಂಡ್ಲುಪೇಟೆ ಮುಟ್ಟುವ ಹೊತ್ತಿಗೆ ಮೂರು ಗಂಟೆ, ಅವನು ತೇಗುತ್ತಿದ್ದ. ಊಟಿ ಕಡೆಯಿಂದ ಬಂದ ಕಾರುಗಳು ಹೋಟೆಲುಗಳ ಮುಂದೆ ಸಾಲು ನಿಂತಿದ್ದವು. ಬೋರ್ಡಿನಲ್ಲಿ 'ಚಿಕನ್ ಮಂದಿ' ಎಂದಿದ್ದ ಒಂದು ಹೋಟೆಲಿಗೆ ಹೋದೆವು. ಹಳದಿ ಅನ್ನದ ಮೇಲೆ ಅರ್ಧ ಕೋಳಿ ಕವುಚಿ ಮಲಗಿತ್ತು. ಅರಬ್ ದೇಶದ್ದಂತೆ, ಅದೂ ಏಷ್ಯಾವೇ ಎಂದ ಶರತ್. ಸರಿ ಎಂದೆ.

ಅಡುಗೆಯವರು ಕೇರಳದವರು, ಐವತ್ತು ದಾಟಿದ ಮನುಷ್ಯ. ಜನ ಕಡಿಮೆಯಾಗಿ ಹೊರಗೆ ಬಂದು ಟವೆಲ್‌ನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಶರತ್ ಅವರನ್ನು ಮಲಯಾಳದಲ್ಲಿ ಚೇಟ ಎಂದು ಕರೆದು, ನಮ್ಮಣ್ಣನಿಗೆ ಎಡೆ ಇಡಬೇಕು, ಇದರಲ್ಲಿ ಯಾವುದಾದರೂ ಮಾಡಿಕೊಡಲು ಆಗುತ್ತದೆಯೇ ಎಂದು ನನ್ನ ಫೋನ್ ಕೊಟ್ಟ. ಅವರು ಕೂತು ಒಂದೊಂದೇ ಫೋಟೋ ಸರಿಸಿದರು. ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಡಂ, ಇವರು ಇದು ತಿಂದಿಲ್ಲ."

"ಏನು?"

"ಇಪ್ಪತ್ತೆಂಟು ವರ್ಷ ಆಯ್ತು ನಾನು ಅಡಿಗೆ ಮಾಡಲಿಕ್ಕೆ. ವಾಪಸ್ ಬರುವ ಪ್ಲೇಟ್ ನೋಡಿದರೆ ನನಗೆ ಗೊತ್ತಾಗ್ತದೆ. ಇಲ್ಲಿ ನೋಡಿ, ಬಿಳಿ ಅನ್ನ ಅರ್ಧ ಖಾಲಿ. ಪೋರ್ಕ್ ಒಂದು ಪೀಸೂ ಹೋಗಿಲ್ಲ. ಇದರಲ್ಲೂ ಅಷ್ಟೇ. ಇದರಲ್ಲೂ." ಬೆರಳಿನಿಂದ ಪರದೆ ದೊಡ್ಡದು ಮಾಡಿದರು. "ಮತ್ತೆ ಈ ಡಬ್ಬಿ. ಎಲ್ಲಾ ಫೋಟೋದಲ್ಲೂ ಇದೆ. ಇದು ಹೋಟೆಲಿಂದಲ್ಲ."

ತಟ್ಟೆಯ ಪಕ್ಕ, ಚಿತ್ರದ ಅಂಚಿನಲ್ಲಿ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದೆ. ಮುಚ್ಚಳದ ಮೇಲೆ ನಮ್ಮ ಮದುವೆಯ ಪಾತ್ರೆಗಳಿಗೆಲ್ಲ ಹಾಕಿಸಿದ ನಮ್ಮಿಬ್ಬರ ಹೆಸರಿನ ಮೊದಲಕ್ಷರ, 'ಭಾ.ಸು.' ಒಳಗೆ ಕಪ್ಪಗೆ ಚೂರುಗಳು.

ಅದು ಉಪ್ಪುಕಂಡ. ಕುರಿಯ ಬಾಡನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಖಾರ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಲ್ಲಿ ಒಣಗಿಸಿದ್ದು. ಇವರು ಹೊರಡುವ ಹಿಂದಿನ ದಿನ ಕರಿದು ಡಬ್ಬಿಗೆ ಹಾಕಿಕೊಡುತ್ತಿದ್ದೆ. ಬೆಂಗಳೂರು ತಲುಪುವುದರೊಳಗೆ ಜೊತೆಯವರೆಲ್ಲ ಸೇರಿ ಮುಗಿಸುತ್ತಾರೆ ಎಂದುಕೊಂಡಿದ್ದೆ. ಡಬ್ಬಿ ತೊಳೆದೇ ವಾಪಸ್ ಬರುತ್ತಿತ್ತು, ನಾನು ಕೇಳುತ್ತಲೂ ಇರಲಿಲ್ಲ. ಈಗ ತಾರೀಖು ನೋಡುತ್ತಾ ಸರಿಸಿದೆ. ಚೀನಾದ ಮೊದಲ ದಿನ ಡಬ್ಬಿ ತುಂಬಿತ್ತು. ನಾಲ್ಕನೇ ದಿನ ಅರ್ಧ. ಒಂಬತ್ತನೇ ದಿನ ಎರಡೇ ಚೂರು. ಏಳು ವರ್ಷದ ಫೋಟೋಗಳು. ನಾನು ತಟ್ಟೆ ಮಾತ್ರ ನೋಡಿದ್ದೆ.

ಕೊನೆಯದು ಮಾರ್ಚ್‌ನದು, ವಿಯೆಟ್ನಾಂ. ಅದನ್ನು ನೋಡುವುದು ಬೇಡ ಎಂದು ಬೆರಳಿಗೆ ಗೊತ್ತಾಯಿತು, ಆದರೂ ಸರಿಸಿದೆ.

ಆ ಸಲ ನಾನು ಉಪ್ಪುಕಂಡ ಮಾಡಿರಲಿಲ್ಲ. ಜನವರಿಯಲ್ಲಿ ಒಂದು ರಾತ್ರಿ ಊಟಕ್ಕೆ ಕರಿದುಕೊಟ್ಟಾಗ ಇವರು, "ಉಪ್ಪು ಮುಂದಾಗಿದೆ ಕಣೇ," ಎಂದಿದ್ದರು. ಅಷ್ಟೇ ಅಂದದ್ದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. "ದೇಶ ದೇಶದ ಬಾಡು ತಿಂದ ನಾಲಿಗೆಗೆ ನಮ್ಮದು ಎಲ್ಲಿ ಹಿಡಿಸುತ್ತೆ? ಇನ್ನು ಮೇಲೆ ಅಲ್ಲೇ ತಿನ್ಕೊಳ್ಳಿ," ಎಂದೆ. ಮಾರ್ಚ್‌ನಲ್ಲಿ ಡಬ್ಬಿಯನ್ನು ಖಾಲಿಯೇ ಶೆಲ್ಫಿನ ಮೇಲಿಟ್ಟಿದ್ದೆ. ಇವರು ಮುಚ್ಚಳ ತೆಗೆಯದೆ ಬ್ಯಾಗಿಗೆ ಹಾಕಿಕೊಂಡರು. ನಾನು ನೋಡಿದೆ. ಹೇಳಲಿಲ್ಲ.

ಫೋಟೋದಲ್ಲಿ ಒಂದು ಬಟ್ಟಲು ಶಾವಿಗೆ ಸಾರು, ಮೇಲೆ ತೆಳ್ಳಗೆ ಹೆಚ್ಚಿದ ಮಾಂಸ, ಪಕ್ಕದಲ್ಲಿ ಬಿಳಿ ಅನ್ನ. ಡಬ್ಬಿ ತೆರೆದಿದೆ. ಒಳಗೆ ಏನೂ ಇಲ್ಲ, ಮೇಲಿನ ದೀಪ ತಳದಲ್ಲಿ ಹೊಳೆಯುತ್ತಿದೆ. ಕೆಳಗೆ 'ಸೂಪರ್'.

ಒಂಬತ್ತು ದಿನ, ಒಂಬತ್ತು ಫೋಟೋ, ಎಲ್ಲದರಲ್ಲೂ ಖಾಲಿ ಡಬ್ಬಿ ಬಾಯಿ ತೆರೆದುಕೊಂಡು ಕೂತಿದೆ. ಅದು ನನಗೆ ಕಳಿಸಿದ ಮಾತು. ನಾನು ಒಂಬತ್ತಕ್ಕೂ ಹೆಬ್ಬೆರಳು ಒತ್ತಿದ್ದೆ.

ವಾಪಸ್ ಬಂದು ಎರಡು ವಾರಕ್ಕೆ ಹೋದರು. ಊಟಕ್ಕೂ ಸಾವಿಗೂ ಸಂಬಂಧವಿಲ್ಲ, ಡಾಕ್ಟರ್ ಹೃದಯದ ರಕ್ತನಾಳ ಎಂದರು, ನನಗೂ ತಿಳಿಯುತ್ತದೆ. ಆದರೆ ಪರದೇಶದಲ್ಲಿ ಒಬ್ಬ ಮನುಷ್ಯ ಮುಚ್ಚಳ ತೆಗೆದು ನೋಡಿದ ಆ ಗಳಿಗೆಗೆ ಯಾವ ಡಾಕ್ಟರ್ ಏನು ಹೇಳಿಯಾರು.

"ಪಾರ್ಸಲ್ ಏನು ಮಾಡಲಿ ಮೇಡಂ?" ಎಂದು ಅಡುಗೆಯವರು ಮೆಲ್ಲಗೆ ಕೇಳಿದರು.

"ಬೇಡ," ಎಂದೆ. ವಾಪಸ್ ಬರುವಾಗ ಶರತ್ ಹರವೆಯ ಹತ್ತಿರ ಗಾಡಿ ನಿಲ್ಲಿಸಿ, ನಿಂಬೆಹಣ್ಣಿನ ಸೋಡಾ ಕುಡಿದ.

ಅತ್ತೆಗೆ ಎಲ್ಲ ಹೇಳಿದೆ, ಜಗಳವನ್ನೂ ಸೇರಿಸಿ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. "ಅವ್ನು ಮೂರ್ ವರ್ಸದ್ ಮಗೀನಿಂದ ಬ್ಯಾರೆಯವ್ರ ಮನೆ ಬಾಡು ಮುಟ್ತಿರ್ನಿಲ್ಲ ಕಣವ್ವಾ. ದೊಡ್ಡವ್ನಾದ್ ಮ್ಯಾಲೆ ತಿದ್ಕಂಡವ್ನೆ ಅನ್ಕಂಡಿದ್ದಿ," ಎಂದು ಗೋಡೆಗೆ ಒರಗಿದರು. ಆಮೇಲೆ ಬೆರಳು ಮಡಿಸಿ ಎಣಿಸಿದರು. "ಸುಕ್ರವಾರ, ಸನಿವಾರ, ಬಾನ್ವಾರ ಮದ್ಯಾನ. ಬಿಸ್ಲು ಕೊಟ್ರೆ ಆಯ್ತದೆ."

ಶುಕ್ರವಾರ ಬೆಳಿಗ್ಗೆ ಶರತ್ ಬಾಡು ತಂದ. ನಾನು ಸೀಳಿ, ಉಪ್ಪು ಹಚ್ಚಿದೆ. ಎಡೆಯದು, ರುಚಿ ನೋಡುವಂತಿಲ್ಲ. ನೋಡಿದ್ದರೂ ನನ್ನ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಕೈ ಅಳತೆಗೆ ಬಿಟ್ಟೆ. ತಾರಸಿಯ ಮೇಲೆ ಹಗ್ಗ ಕಟ್ಟಿ ನೇತು ಹಾಕಿ, ಕೋಲು ಹಿಡಿದು ಕಾವಲು ಕೂತೆ. ಕಾಗೆಗಳು ಬಂದವು. ಓಡಿಸಿದೆ, ಮತ್ತೆ ಬಂದವು. ಅತ್ತೆ ಮೆಟ್ಟಿಲ ಮೇಲಿಂದ ತಲೆ ಹಾಕಿ, "ಕಾಗೇಗ್ ಕೋಲೆತ್ತಬ್ಯಾಡ ಕಣಮ್ಮಿ, ಅವ್ನೇ ಬಂದಿದ್ರೆ?" ಎಂದರು.

"ಅವರೇ ಆಗಿದ್ರೆ ಭಾನುವಾರದವರೆಗೆ ತಡ್ಕೊಳ್ಲಿ ಅತ್ತೆ. ಒಣಗದ್ದನ್ನ ತಿಂದು ಆಮೇಲೆ ನನ್ನನ್ನ ಬೈದ್ರೆ?"

ಅತ್ತೆ ಮೊದಲ ಸಲ ನಕ್ಕರು. ನನಗೆ ಬಿಸಿಲು ಬೆನ್ನಿಗೆ ತಾಗುತ್ತಿತ್ತು, ಅಷ್ಟೇ. ಮೂರು ದಿನ ಹಾಗೇ ಕೂತೆ. ಮೋಡ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಕರಿದೆ. ಫೋಟೋ ಮುಂದೆ ಬಾಳೆ ಎಲೆ ಹಾಸಿ ಬಿಳಿ ಅನ್ನ ಇಟ್ಟೆವು, ಮುದ್ದೆ, ಸಾರು, ಅತ್ತೆ ಮಾಡಿದ ವಡೆ. ಎಲೆಯ ಪಕ್ಕ ಸ್ಟೀಲ್ ಡಬ್ಬಿ ತುಂಬಿಸಿ, ಮುಚ್ಚಳ ತೆಗೆದು ಇಟ್ಟೆ. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಸತ್ತವರು ಉಣ್ಣುವಾಗ ಯಾರೂ ನೋಡಬಾರದು. ಜಗಲಿಯಲ್ಲಿ ಕೂತೆವು. ಒಳಗೆ ಏನೂ ಸದ್ದಿಲ್ಲ. ಕೇಳಿಸೀತು ಎಂದು ನಾನೂ ಕಿವಿಗೊಟ್ಟಿದ್ದೆ, ಓದಿದವಳು ಎನ್ನುವುದೆಲ್ಲ ಆ ಬಾಗಿಲ ಮುಂದೆ ಉಪಯೋಗಕ್ಕೆ ಬರಲಿಲ್ಲ. ಬರುತ್ತಿದ್ದೇವೆ ಎಂದು ತಿಳಿಸಲು ಶರತ್ ಮೂರು ಸಲ ಚಪ್ಪಾಳೆ ತಟ್ಟಿದ. ಒಳಗೆ ಹೋದೆವು.

ಎಲ್ಲ ಇಟ್ಟಂತೆಯೇ ಇತ್ತು. ಅತ್ತೆ ಡಬ್ಬಿಯಿಂದ ಒಂದು ಚೂರು ತೆಗೆದು ನನ್ನ ಕೈಗೆ ಹಾಕಿದರು. "ಮೊದ್ಲು ನೀನ್ ತಿನ್ನು."

ಬಾಯಿಗೆ ಹಾಕಿಕೊಂಡೆ. ಜಗಿದೆ. ಮೊದಲು ಏನೂ ಇಲ್ಲ. ಆಮೇಲೆ ನಾಲಿಗೆಯ ಎರಡೂ ಅಂಚು ಚುರ್ರೆಂದಿತು. ಐದು ತಿಂಗಳ ನಂತರ ಮೊದಲ ಬಾರಿ ನನ್ನ ಬಾಯಲ್ಲಿ ಒಂದು ರುಚಿ ಇತ್ತು. ಕಣ್ಣು, ಮೂಗು ಎಲ್ಲ ಒಟ್ಟಿಗೆ ಸುರಿಯತೊಡಗಿದವು. ಅತ್ತೆ ಗಾಬರಿಯಾಗಿ ನೀರಿನ ಲೋಟ ಹಿಡಿದರು. ನಾನು ಫೋಟೋ ಕಡೆ ನೋಡಿದೆ.

"ನೀವು ಹೇಳಿದ್ದೇ ಸರಿ ಕಣ್ರೀ," ಎಂದೆ. "ಉಪ್ಪು ಮುಂದಾಗಿದೆ."