ಲ್ಯಾಪ್‌ಟಾಪಿಗೆ ಹಚ್ಚಿದ ಗಂಧ

ಇಂಚರಾ ಮತ್ತೊಮ್ಮೆ ಗುಂಡಿ ಒತ್ತಿದಳು. ಲ್ಯಾಪ್‌ಟಾಪಿನ ಫ್ಯಾನು ಗೊರ್ ಎಂದಿತು, ಕೀಲಿಗಳ ಕೆಳಗೆ ಕೆಂಪು ದೀಪವೂ ಹತ್ತಿತು; ಪರದೆ ಮಾತ್ರ ಕಪ್ಪಗೇ ಉಳಿಯಿತು. ತಾನೇ ಬಿಚ್ಚಿ ಹಾಕಿದ್ದ ಹೊಸ ಮೆಮೊರಿಯ ಪಟ್ಟಿಗಳನ್ನು ತೆಗೆದು ಹಳೆಯವನ್ನೇ ಕೂರಿಸಿದರೂ ಅದೇ ಕಥೆ.

"ಬಡ್ಕೊಂಡೆ ನಾನು, ಅಂಗಡಿಗೆ ಕೊಡು ಅಂತ," ಎಂದ ಅವಳ ತಂದೆ ಚಂದ್ರಕಾಂತ, ಸೋಫಾದಿಂದಲೇ. ಸಚಿವಾಲಯದಲ್ಲಿ ಎಲ್ಲರ ಕಡತದಲ್ಲೂ ತಪ್ಪು ಹುಡುಕುವ ಮನುಷ್ಯ. ಮನೆಯಲ್ಲಿ ಒಂದು ತಾನಾಗಿ ಸಿಕ್ಕರೆ ಬಿಟ್ಟಾನೆಯೇ? "ಯೂಟ್ಯೂಬ್ ನೋಡಿ ಮೆಕ್ಯಾನಿಕ್ ಆಗ್ಬಿಡ್ತಾರೆ. ಜೋರಾಗಿ ಒತ್ತಿ ಏನೋ ಮುರಿದಿದೀಯ."

"ನಾನು ಪಕ್ಕಾ ಸರಿ ಹಾಕ್ದೆ ಪಪ್ಪಾ." ಹೇಳುವಷ್ಟರಲ್ಲೇ ಅವಳ ದನಿ ಸಣ್ಣಗಾಯಿತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ತಾಯಿ ಪದ್ಮಾಳಿಗೆ ತಾನು ಮಾಡಿದ್ದು ನೆನಪಾಯಿತು. ಆಯುಧಪೂಜೆಯೆಂದು ಬೆಳಗ್ಗೆ ಅವಳು ಈಳಿಗೆಮಣೆ, ಕತ್ತರಿ, ಮಿಕ್ಸಿ, ಗಂಡನ ಸ್ಕೂಟರು ಎಲ್ಲಕ್ಕೂ ಗಂಧ ಕುಂಕುಮ ಇಟ್ಟಿದ್ದಳು. ಮಗಳು ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದ ಹೊಸ ಮೆಮೊರಿಯ ಪಟ್ಟಿಗಳು ಕಣ್ಣಿಗೆ ಬಿದ್ದವು. ಮನೆಗೆ ಬಂದ ಹೊಸ ವಸ್ತು, ಅದೂ ಹಬ್ಬದ ದಿನ. ಹಾಗೇ ಬಿಡುವುದು ಹೇಗೆ? ಹೋದ ವರ್ಷ ಕೀಬೋರ್ಡಿನೊಳಗೆ ಕುಂಕುಮ ಉದುರಿಸಿ ಮಗಳಿಂದ ಬೈಸಿಕೊಂಡದ್ದು ನೆನಪಿತ್ತು. ಅದಕ್ಕೇ ಕುಂಕುಮ ಬಿಟ್ಟು ಬರೀ ಗಂಧ ಹಚ್ಚಿದಳು, ಆ ಚಿನ್ನದ ಬಣ್ಣದ ಅಂಚಿಗೇ, ಅಲ್ಲಿ ಚೆಂದ ಕಂಡಿತೆಂದು. ಬಚ್ಚಲಿನ ಚಿಲಕದ ಸದ್ದಾದಾಗ ಗಡಿಬಿಡಿಯಲ್ಲಿ ಸೆರಗಿನಿಂದ ಒರೆಸಿಟ್ಟಳು. ಒರೆಸಿದರೆ ಹೋಗುತ್ತದೆ ಎಂದುಕೊಂಡಿದ್ದಳು.

ಈಗ ಹೇಳಿಬಿಡಬೇಕು. ಬಾಯಿ ತೆರೆದದ್ದೂ ಆಯಿತು. ಆದರೆ ಗಂಡನ ಎದುರು ಹೇಳಿದರೆ ತಾವಿರುವ ರೋಹಿಣಿ ಬಡಾವಣೆಯ ಕನ್ನಡದವರಿಗೆಲ್ಲ ವರ್ಷವಿಡೀ ಅದೇ ನಗೆಚಾಟಿಕೆ. "ಊಟ ಮಾಡಿ, ಆಮೇಲೆ ನೋಡೋಣ," ಎಂಬ ಮಾತು ಹೊರಬಂತು.

ಇಂಚರಾ ಹೋಳಿಗೆ ಮುಟ್ಟಲಿಲ್ಲ. ಸಂಜೆ ಅವಳ ತಂಡಕ್ಕೆ ಆನ್‌ಲೈನ್ ಆಟದ ಸೆಮಿಫೈನಲ್. ಅವಳ ಲ್ಯಾಪ್‌ಟಾಪ್ ನಡುನಡುವೆ ನಿಂತುಬಿಡುತ್ತದೆಂದು ಅವಳನ್ನು ಕೈಬಿಡುವ ಮಾತು ಆಗಲೇ ಎದ್ದಿತ್ತು. ಅದಕ್ಕೇ ಈ ಮೆಮೊರಿ. ತಟ್ಟೆಗಳನ್ನು ಎತ್ತಿ ಬಂದ ಪದ್ಮಾಳಿಗೆ ಬಾಲ್ಕನಿಯಲ್ಲಿ ಮಗಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಮೇರೀ ಜಗಹ್ ರಿದ್ಧಿ ಕೋ ಲೇ ಲೋ. ನಹೀಂ ಯಾರ್, ಗಲ್ತೀ ಮೇರೀ ಹೀ ಹೈ." ತನ್ನ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಳ್ಳಿ, ತಪ್ಪು ತನ್ನದೇ ಎನ್ನುತ್ತಿದ್ದಳು.

ಪದ್ಮಾಳಿಗೆ ನಾಚಿಕೆಯಾಯಿತು. ಮಗಳು ಫೋನ್ ಇಡುವುದನ್ನೇ ಕಾದು, "ನಿಂದಲ್ಲ ಪುಟ್ಟಿ," ಎಂದಳು. "ಬೆಳಗ್ಗೆ ನಾನೇ ಅದಕ್ಕೆ ಗಂಧ ಹಚ್ಚಿ ಒರೆಸಿಟ್ಟೆ."

ಇಂಚರಾ ಕೂಗಾಡಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಚಿನ್ನದ ಅಂಚಿನ ಮೇಲೆ ತೆಳ್ಳಗೆ ಒಣಗಿದ ಪೊರೆ.

"ಪಪ್ಪಾ ನಂಗೆ ಬೈಯೋವಾಗ ನೀನು ಅಲ್ಲೇ ಇದ್ದೆ, ಅಲ್ವಾ ಅಮ್ಮ?"

"ಇದ್ದೆ."

"ಪಪ್ಪಾಗೂ ಹೇಳು."

ಪದ್ಮಾ ಹೋಗಿ ಹೇಳಿದಳು. ಚಂದ್ರಕಾಂತ ಅವಳು ಎಣಿಸಿದಷ್ಟೂ ನಕ್ಕ. ಮಗಳು ನಗಲಿಲ್ಲ, ರಬ್ಬರಿನಿಂದ ಅಂಚು ಉಜ್ಜಿದಳು, ಒಣ ಬ್ರಷ್ಷಿನಿಂದ ಮೆಮೊರಿ ಕೂರುವ ಸಂದುಗಳಿಗೆ ಉದುರಿದ್ದ ಗಂಧದ ಪುಡಿ ಗುಡಿಸಿದಳು, ಮತ್ತೆ ಕೂರಿಸಿದಳು. ಪರದೆ ಹತ್ತಿತು.

"ಈಗ ಫೋನ್ ಮಾಡಿ ಹೇಳು," ಎಂದಳು ಪದ್ಮಾ.

"ರಿದ್ಧಿ ನಾಮ್ ಕೊಟ್ಟಾಯ್ತು ಅಮ್ಮ. ಇನ್ನು ಚೇಂಜ್ ಆಗಲ್ಲ."

ಸಂಜೆ ಇಂಚರಾ ಪಂದ್ಯ ನೋಡಲು ಕೂತಳು. ಪದ್ಮಾ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಕ್ಷಮಿಸು ಅನ್ನಬೇಕೆಂದಿದ್ದಳು, "ನಿಮ್ಮವರು ಯಾರು?" ಎಂದಳು.

"ನೀಲಿ."

ರಿದ್ಧಿ ಆಡಿಸುತ್ತಿದ್ದ ನೀಲಿ ಬಟ್ಟೆಯ ಹುಡುಗಿ ಎಲ್ಲೂ ತಡೆಯದೆ ಪರದೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು. ಇಂಚರಾಳ ಬೆರಳುಗಳು ಕೀಲಿಗಳ ಮೇಲೇ ಇದ್ದವು. ಯಾವುದನ್ನೂ ಒತ್ತುತ್ತಿರಲಿಲ್ಲ.